ಬಿಸಿಲಿಗಿಟ್ಟ ಬಣ್ಣ

ಬಣ್ಣ ನೋಡುವುದರಲ್ಲಿ ನನ್ನ ಕಣ್ಣು ಮೋಸ ಹೋಗುವುದಿಲ್ಲ ಎಂಬ ಹೆಮ್ಮೆ ನನಗೆ ಚಿಕ್ಕಂದಿನಿಂದಲೇ ಇತ್ತು. ಕಾನ್ವೆಂಟಿನಲ್ಲಿ ಕಸೂತಿ ಕಲಿಸುತ್ತಿದ್ದ ಮದರ್ ಒಬ್ಬರು ರೇಷ್ಮೆ ನೂಲಿನ ಲಡಿಗಳನ್ನು ಮೇಜಿನ ಮೇಲೆ ಸುರಿದು, ತಿಳಿಯಿಂದ ಗಾಢಕ್ಕೆ ಸಾಲಾಗಿ ಜೋಡಿಸಲು ಹೇಳುತ್ತಿದ್ದರು. ಉಳಿದ ಹುಡುಗಿಯರು ಎರಡು ಕಂದುಗಳ ನಡುವೆ ತಡವರಿಸುತ್ತಿರುವಾಗ ನಾನು ಮುಗಿಸಿ ಕೈಕಟ್ಟಿ ಕೂತಿರುತ್ತಿದ್ದೆ. ಮದರ್ ಹೊಗಳುವವರಲ್ಲ. ನನ್ನ ಸಾಲನ್ನು ನೋಡಿ ಸುಮ್ಮನೆ ಮುಂದೆ ಹೋಗುತ್ತಿದ್ದರು. ಅದೇ ಹೊಗಳಿಕೆ ಎಂದು ನಾನು ತಿಳಿದಿದ್ದೆ.

ಅವರು ಹೇಳಿಕೊಟ್ಟ ಇನ್ನೊಂದು ಸಂಗತಿಯೂ ಇದೆ. ಬಣ್ಣದ ನೂಲನ್ನು ಕಪ್ಪು ಕಾಗದದಲ್ಲಿ ಸುತ್ತಿ ಪೆಟ್ಟಿಗೆಯೊಳಗೇ ಇಡಬೇಕು, ಬೆಳಕು ಬಣ್ಣವನ್ನು ತಿನ್ನುತ್ತದೆ. ಈ ಮಾತನ್ನು ನಾನು ನೂರು ಸಲ ಕೇಳಿದ್ದೆ. ಆದ್ದರಿಂದ ಮುಂದೆ ಬರೆಯುವ ವಿಷಯದಲ್ಲಿ ಗೊತ್ತಿರಲಿಲ್ಲ ಎಂಬ ನೆವ ನನಗಿಲ್ಲ.

ಮದುವೆಯಾಗಿ ಕದ್ರಿಗೆ ಬಂದೆ. ಇವರು ಡಾಕ್ಟರು. ಮದರಾಸಿನಲ್ಲಿ ಓದಿ ಬಂದು, ಗುಡ್ಡೆಯ ಇಳಿಜಾರಿನಲ್ಲಿದ್ದ ಮನೆಯ ಎದುರು ಕೋಣೆಯಲ್ಲಿ ರೋಗಿಗಳನ್ನು ನೋಡುತ್ತಿದ್ದರು. ನಮ್ಮಿಬ್ಬರೊಳಗಿನ ಮಾತು ಕೊಂಕಣಿ, ರೋಗಿಗಳೊಡನೆ ಹೆಚ್ಚಾಗಿ ತುಳು. ಇಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ತುಳುವಿನ ಮೆದುವೂ ಮೊನಚೂ ಇದರಲ್ಲಿ ಸ್ವಲ್ಪ ಕಳೆದುಹೋಗಿರಬಹುದು.

ಮೊದಲ ಕ್ರಿಸ್ಮಸ್ಸಿಗೆ ನಾನು ದಾಳಿಂಬೆ ಕಾಳಿನ ಬಣ್ಣದ ನೂಲು ಬೇಕೆಂದು ಕೇಳಿದ್ದೆ. ಇವರು ಪೇಟೆಯಿಂದ ತಂದದ್ದು ಬಾವಿಕಟ್ಟೆಯ ಪಾಚಿಯಂಥ ಹಸಿರು. ನಾನು ನಕ್ಕೆ. ಇವರು ನಗಲಿಲ್ಲ. ಊಟವಾದ ಮೇಲೆ ಕಿಟಕಿಯ ಹೊರಗೆ ನೋಡುತ್ತಾ, ತಮಗೆ ಕೆಂಪು, ಹಸಿರು, ಕಂದು ಮೂರೂ ಒಂದೇ ಮಣ್ಣಿನ ಬಣ್ಣವಾಗಿ ಕಾಣುತ್ತವೆ ಎಂದರು. ಕಾಲೇಜಿನಲ್ಲಿ ಪಕ್ಕದ ಗೆಳೆಯನೊಬ್ಬ ಬಣ್ಣಗಳನ್ನು ಪಿಸುಮಾತಿನಲ್ಲಿ ಹೇಳಿಕೊಡುತ್ತಿದ್ದನಂತೆ. "ಇದು ನಮ್ಮಿಬ್ಬರಲ್ಲೇ ಇರಲಿ" ಎಂದರು. ಇರಲಿ ಎಂದೆ. ಒಬ್ಬ ಗಂಡಸು, ಅದರಲ್ಲೂ ಡಾಕ್ಟರು, ತನ್ನ ಕೊರತೆಯನ್ನು ನನ್ನ ಮಡಿಲಲ್ಲಿಟ್ಟದ್ದು ನನಗೆ ಒಡವೆ ಕೊಟ್ಟಂತಾಗಿತ್ತು.

ಬಣ್ಣದ ಪೆಟ್ಟಿಗೆ ನನ್ನ ಕೈಗೆ ಬಂದದ್ದು ಹೀಗೆ. ಕೆಲಸದಿಂದ ನಿವೃತ್ತರಾಗಿ ಊರಿಗೆ ಹೊರಟಿದ್ದ ಹಿರಿಯ ಡಾಕ್ಟರೊಬ್ಬರಿಂದ ಇವರು ಅದನ್ನು ತೆಗೆದುಕೊಂಡಿದ್ದರು. ಮೇಲೆ ಕಪ್ಪು ಚರ್ಮ, ಒಳಗೆ ನೀಲಿ ಮಖಮಲ್ಲು, ಗಾತ್ರದಲ್ಲಿ ನಮ್ಮ ಪ್ರಾರ್ಥನೆ ಪುಸ್ತಕದಷ್ಟು. ಅದರಲ್ಲಿ ಒಂದು ಕಪ್ಪು ಚೌಕಟ್ಟು. ಚೌಕಟ್ಟಿನ ಎರಡು ಬದಿಗೆ ಬಾಯಿ ಮುಚ್ಚಿ ಬೆಸೆದ ಎರಡು ಸಪೂರ ಗಾಜಿನ ಕೊಳವೆಗಳು, ಅವುಗಳಲ್ಲಿ ಕಂದು ದ್ರವ. ನಡುವೆ ಗೆರೆಗಳನ್ನು ಕೊರೆದ ಖಾಲಿ ಕೊಳವೆ.

ರಕ್ತದಲ್ಲಿ ಸತ್ವ ಎಷ್ಟಿದೆ ಎಂದು ಅದರ ಬಣ್ಣದಿಂದ ಅಳೆಯುವ ಸಾಧನ ಅದು. ಖಾಲಿ ಕೊಳವೆಯ ತಳಕ್ಕೆ ಸ್ವಲ್ಪ ಆಸಿಡ್ ಹಾಕಬೇಕು. ರೋಗಿಯ ಬೆರಳ ತುದಿ ಚುಚ್ಚಿ, ಸಣ್ಣ ಹೀರುನಳಿಗೆಯಲ್ಲಿ ಗುರುತಿನವರೆಗೆ ಮಾತ್ರ ರಕ್ತ ಹೀರಿ, ಆ ಆಸಿಡ್ಡಿಗೆ ಊದಬೇಕು. ಕೆಂಪು ಹೋಗಿ ಕಂದು ಬರುತ್ತದೆ. ಆಮೇಲೆ ಭಟ್ಟಿ ಇಳಿಸಿದ ನೀರನ್ನು ಹನಿಹನಿಯಾಗಿ ಬಿಡುತ್ತಾ, ಬಣ್ಣ ತಿಳಿಯಾಗಿ ಎರಡು ಬದಿಯ ಕೊಳವೆಗಳಿಗೆ ಸಮನಾಗುವ ತನಕ ನೋಡಬೇಕು. ಸಮನಾದಾಗ ನೀರು ಯಾವ ಗೆರೆಗೆ ಮುಟ್ಟಿದೆಯೋ ಅದೇ ಲೆಕ್ಕ, ನೂರಕ್ಕೆ ಇಷ್ಟು ಎಂದು. ಸತ್ವ ಹೆಚ್ಚಿರುವ ರಕ್ತ ಹೆಚ್ಚು ನೀರು ಕುಡಿಯುತ್ತದೆ, ಬಡ ರಕ್ತ ಬೇಗ ಬಿಳಿಚುತ್ತದೆ.

ಕೆಂಪು ಕಂದು ಕಾಣದವರಿಗೆ ಈ ಕೆಲಸ ಆಗುವುದಿಲ್ಲ. ಇವರು ಎದುರು ಕೋಣೆಯಲ್ಲಿ ಬೆರಳು ಚುಚ್ಚುತ್ತಿದ್ದರು. ಕೊಳವೆಯನ್ನು ಹಿಂದಿನ ಕೋಣೆಗೆ ತರುತ್ತಿದ್ದರು. ನಾನು ನೋಡಿ, ಚೀಟಿಯಲ್ಲಿ ಅಂಕೆ ಬರೆದು ಕೊಡುತ್ತಿದ್ದೆ. ಗಾಜಿನ ಸಾಮಾನು ತೊಳೆಯುವ ಹೆಂಡತಿ ಎಂದೇ ರೋಗಿಗಳು ನನ್ನನ್ನು ತಿಳಿದಿದ್ದರು.

ಇವರು ಕಲಿಸುವುದರಲ್ಲಿ ಜಾಣರು. ರಕ್ತ ಕೆಂಪಾಗಿ ಕಾಣುವುದು ಅದು ಬೆಳಕಿನ ಹಸಿರನ್ನೂ ನೀಲಿಯನ್ನೂ ನುಂಗಿ ಕೆಂಪನ್ನು ಮಾತ್ರ ಬಿಟ್ಟುಕೊಡುವುದರಿಂದ ಎಂದು ಹೇಳಿದ್ದರು. ಎಷ್ಟು ನುಂಗುತ್ತದೆ ಎಂಬುದು ದ್ರವ ಎಷ್ಟು ಗಟ್ಟಿ, ಬೆಳಕು ಎಷ್ಟು ಆಳ ದಾಟಿ ಬರಬೇಕು ಎನ್ನುವುದರ ಮೇಲೆ ನಿಂತಿದೆ. ನನಗದು ಕಾಫಿ ಡಿಕಾಕ್ಷನ್ನಿನಿಂದ ಗೊತ್ತಾಯಿತು: ಚೊಂಬಿನಲ್ಲಿ ಕಪ್ಪು, ಸಾಸರಿಗೆ ಸುರಿದರೆ ಜೇನು. ಆಸಿಡ್ ಯಾಕೆ ಎಂದು ಕೇಳಿದೆ. ಬರಿಯ ರಕ್ತದ ಬಣ್ಣಕ್ಕೆ ನಿಲುವಿಲ್ಲ, ಗಾಳಿ ಉಂಡಾಗ ಒಂದು, ಉಣ್ಣದಾಗ ಒಂದು. ಆಸಿಡ್ ಹಾಕಿದರೆ ಎಲ್ಲರ ರಕ್ತವೂ ಒಂದೇ ಕಂದಿಗೆ ಬರುತ್ತದೆ. ಹಾಗೆ ಬರಲು ಹತ್ತು ನಿಮಿಷ ಬೇಕು. ಅವಸರ ಮಾಡಿದರೆ ಲೆಕ್ಕ ಕಡಿಮೆ ಬೀಳುತ್ತದೆ. ನಾನು ಆ ಹತ್ತು ನಿಮಿಷಕ್ಕೆ ಜಪಸರದ ಮಣಿ ಎಣಿಸುತ್ತಿದ್ದೆ. ಚಿಮಣಿ ದೀಪದಲ್ಲಿ ನೋಡಬಾರದು, ಅದರ ಬೆಳಕೇ ಹಳದಿ. ಕಿಟಕಿಯ ಬಳಿ ಕೆಂಪು ಬಟ್ಟೆ ಒಣಗಹಾಕಬಾರದು. ಇದನ್ನೆಲ್ಲ ನಾನು ಚಾಚೂ ತಪ್ಪದೆ ಪಾಲಿಸುತ್ತಿದ್ದೆ.

ಒಂದು ದಿನ ಮಧ್ಯಾಹ್ನ ಇವರು ಬಸಳೆ ಎಲೆ ಜಜ್ಜಿ, ಸ್ಪಿರಿಟ್ಟಿನಲ್ಲಿ ನೆನೆಸಿ ಸೋಸಿದರು. ಸೀಸೆಯಲ್ಲಿ ಪಚ್ಚೆಯಂಥ ಹಸಿರು. ಹಿತ್ತಾಳೆಯ ಸಣ್ಣ ನಳಿಗೆಯೊಂದಿತ್ತು, ಅದರ ಮೂಲಕ ಆಕಾಶದ ಬೆಳಕು ನೋಡಿದರೆ ಕಾಮನಬಿಲ್ಲಿನ ಪಟ್ಟಿ ಕಾಣುತ್ತಿತ್ತು. ಸೀಸೆಯನ್ನು ಅದರ ಮುಂದೆ ಹಿಡಿದಾಗ ಕೆಂಪಿನ ಜಾಗದಲ್ಲಿ ಕಪ್ಪು ಗೆರೆ ಬಿತ್ತು. ನೀರು ಬೆರೆಸಿದ ರಕ್ತವನ್ನು ಹಿಡಿದಾಗ ಹಳದಿಗೂ ಹಸಿರಿಗೂ ನಡುವೆ ಎರಡು ಗೆರೆ. ಇವರು ಆ ಗೆರೆಗಳನ್ನು ನನಗಿಂತ ಮೊದಲೇ ಕಂಡರು. "ಕಪ್ಪು ನನಗೂ ಕಪ್ಪೇ" ಎಂದು ನಕ್ಕರು. ಬಣ್ಣದ ವಿಷಯದಲ್ಲಿ ಇವರು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ಬಸಳೆಯ ಸೀಸೆಯನ್ನು ನಾನು ಚಂದಕ್ಕೆಂದು ಕಿಟಕಿಯ ದಂಡೆಯಲ್ಲಿಟ್ಟೆ. ಎರಡೇ ದಿನದಲ್ಲಿ ಅದು ಸೆಗಣಿ ನೀರಿನ ಬಣ್ಣಕ್ಕೆ ಇಳಿಯಿತು. ಬೆಳಕನ್ನು ನುಂಗುವ ಬಣ್ಣ ನುಂಗುತ್ತಾ ನುಂಗುತ್ತಾ ತಾನೇ ಸವೆಯುತ್ತದೆ ಎಂದು ಇವರು ಹೇಳಿದರು. ನಾನು ಸೀಸೆ ತೊಳೆದಿಟ್ಟೆ.

ಆ ಕಾಲಕ್ಕೆ ಹೊಳೆಯ ಬದಿಯ ಒಂದು ಹಂಚಿನ ಕಾರ್ಖಾನೆಯವರು ತಮ್ಮ ಹೆಂಗಸರನ್ನು ಇವರ ಹತ್ತಿರ ಕಳಿಸುತ್ತಿದ್ದರು. ಬರಿಗಾಲಲ್ಲಿ ಒದ್ದೆ ಮಣ್ಣು ತುಳಿಯುವವರು, ಹೊಟ್ಟೆಯಲ್ಲಿ ಕೊಕ್ಕೆಹುಳ, ರಕ್ತ ಬತ್ತಿದವರು. ಮ್ಯಾನೇಜರರ ಕಟ್ಟಳೆ ಒಂದಿತ್ತು: ಡಾಕ್ಟರ ಚೀಟಿಯಲ್ಲಿ ಲೆಕ್ಕ ಐವತ್ತಕ್ಕಿಂತ ಕೆಳಗಿದ್ದರೆ ತಲೆಹೊರೆಯ ಕೆಲಸದಿಂದ ಬಿಡುವು, ನೆರಳಲ್ಲಿ ಕೂತು ಹಂಚು ಆರಿಸುವ ಕೆಲಸ. ಮೇಲಿದ್ದರೆ ಹೊರೆಗೇ ವಾಪಸು.

ದೇರೆಬೈಲಿನಿಂದ ಒಬ್ಬಳು ಬರುತ್ತಿದ್ದಳು. ನನ್ನದೇ ಪ್ರಾಯ, ಇಪ್ಪತ್ತಾರು ಇಪ್ಪತ್ತೇಳು. ಹಸಿ ಹಂಚನ್ನು ತಲೆಯ ಮೇಲೆ ಅಟ್ಟಿಯಾಗಿ ಹೊತ್ತು ಹಲಗೆಯ ಏರು ಹತ್ತುವುದು ಅವಳ ಕೆಲಸ. ಕೂತಲ್ಲಿ ಕೂರದ ಬಾಯಿ ಅವಳದು. ಇವರು ಬೆರಳು ಚುಚ್ಚುವಾಗ, ಡಾಕ್ಟ್ರೇ, ಇದ್ದ ನಾಲ್ಕು ಹನಿಯನ್ನೂ ನೀವು ತೆಗೆದರೆ ನಾನು ಮನೆಗೆ ಎಂತ ಕೊಂಡು ಹೋಗುದು ಎಂದು ಕೇಳುತ್ತಿದ್ದಳು. ಮಳೆಗಾಲಕ್ಕೆ ಮೊದಲು ಅವಳ ಲೆಕ್ಕ ನಲವತ್ತಾರು ಬಂದಿತ್ತು. ಇವರು ಹುಳದ ಮದ್ದು, ಕಬ್ಬಿಣದ ಮದ್ದು ಕೊಟ್ಟರು. ಕೂತು ಮಾಡುವ ಕೆಲಸಕ್ಕೆ ಚೀಟಿ ಬರೆದರು. ಹೋಗುವಾಗ ಅವಳು ಹಿತ್ತಲಿಗೆ ಬಂದು, ನಮ್ಮ ಮಲ್ಲಿಗೆ ಬಳ್ಳಿಗೆ ಮೀನು ತೊಳೆದ ನೀರು ಹಾಕಲು ಹೇಳಿ ಹೋದಳು.

ಆ ವರ್ಷ ಮಳೆ ಬಿಡುವ ಹಾಗೆಯೇ ಕಾಣಲಿಲ್ಲ. ಚಪ್ಪಲಿ, ಪುಸ್ತಕ, ಇವರ ಕೋಟು, ಎಲ್ಲದರ ಮೇಲೆ ಬೂಷ್ಟು. ತೆನೆಹಬ್ಬದ ಹೊತ್ತಿಗೆ ಒಳ್ಳೆಯ ಬಿಸಿಲು ಬಿತ್ತು. ಮಳೆಗಾಲ ಮುಗಿದೊಡನೆ ಮನೆಯೊಳಗಿನದೆಲ್ಲವನ್ನೂ ಅಂಗಳಕ್ಕೆ ತಂದು ಬಿಸಿಲಿಗೆ ಹರಡುವುದು ನಮ್ಮ ಊರಿನ ಎಲ್ಲ ಹೆಂಗಸರ ಪದ್ಧತಿ. ಹಾಸಿಗೆ, ಉಪ್ಪಿನಕಾಯಿ ಭರಣಿ, ಹುಣಸೆಹಣ್ಣು, ಮದುವೆಯ ಸೀರೆ. ಬಿಸಿಲಿಗೆ ಹಾಕದವಳನ್ನು ಮೈಗಳ್ಳಿ ಎನ್ನುತ್ತಾರೆ. ಬಣ್ಣದ ಪೆಟ್ಟಿಗೆಯ ಚರ್ಮದ ಮೇಲೂ ಮಖಮಲ್ಲಿನ ಮೇಲೂ ಬಿಳಿ ಬೂಷ್ಟು ಎದ್ದಿತ್ತು. ನಾನು ಕೊಳವೆಗಳನ್ನು ಚೌಕಟ್ಟಿನಿಂದ ಬಿಡಿಸಿ, ಒರೆಸಿ, ಗೆರಸೆಯಲ್ಲಿ ಹತ್ತಿ ಹಾಸಿ ಮಲಗಿಸಿ, ಪೆಟ್ಟಿಗೆಯ ಪಕ್ಕ ಹಪ್ಪಳದ ಸಾಲಿನಲ್ಲಿಟ್ಟೆ. ಒಂದು ದಿನವಲ್ಲ, ಆರು ದಿನ. ಕಾಗೆ ಕಚ್ಚಿಕೊಂಡು ಹೋಗದ ಹಾಗೆ ಕಾವಲು ಕೂತಿದ್ದೆ. ಆಮೇಲೆ ಪುನಃ ಬೂಷ್ಟು ಹಿಡಿಯಬಾರದೆಂದು ಪೆಟ್ಟಿಗೆಯನ್ನು ಬೀರುವಿನಲ್ಲಿಡದೆ ಕಿಟಕಿಯ ದಂಡೆಯಲ್ಲೇ ತೆರೆದಿಟ್ಟೆ. ನನ್ನ ಅಚ್ಚುಕಟ್ಟನ್ನು ನಾನೇ ಮೆಚ್ಚಿಕೊಂಡೆ.

ಕೊಳವೆಗಳು ಎರಡೂ ಒಟ್ಟಿಗೇ ಮಾಸಿದ್ದವು. ಒಂದು ಮಾಸಿ ಒಂದು ಉಳಿದಿದ್ದರೆ ಆ ದಿನವೇ ಕಾಣುತ್ತಿತ್ತು. ಅವಳಿ ಮಕ್ಕಳು ಒಟ್ಟಿಗೆ ಬಡವಾದಂತೆ, ಒಂದನ್ನು ನೋಡಿದರೆ ಇನ್ನೊಂದು ಸರಿಯೇ ಎನಿಸುತ್ತಿತ್ತು. ಬದಿಯ ಕೊಳವೆ ತಿಳಿಯಾದಷ್ಟೂ ನಡುವಿನದಕ್ಕೆ ನಾನು ನೀರು ಹೆಚ್ಚು ಬಿಡಬೇಕಾಗುತ್ತಿತ್ತು. ನೀರು ಹೆಚ್ಚಿದಷ್ಟೂ ಲೆಕ್ಕ ಏರುತ್ತಿತ್ತು. ಹಾಗೆ ಆ ತಿಂಗಳು ಬಂದ ಹೆಂಗಸರೆಲ್ಲರ ರಕ್ತವೂ ಒಳ್ಳೆಯದೇ ಆಗಿತ್ತು. ಮದ್ದು ನಾಟುತ್ತಾ ಉಂಟು ಎಂದು ಇವರಿಗೆ ಸಂತೋಷ.

ದೇರೆಬೈಲಿನವಳೂ ಬಂದಳು. ಹತ್ತು ನಿಮಿಷ ಕಾದೆ. ಹನಿಹನಿಯಾಗಿ ನೀರು ಬಿಟ್ಟೆ. ಅರುವತ್ತೈದು. ಇವರು ಚೀಟಿ ಬರೆದರು, ಹೊರೆಯ ಕೆಲಸಕ್ಕೆ ಅಡ್ಡಿಯಿಲ್ಲ ಎಂದು.

ಅವಳು ಹಿತ್ತಲ ಬಾಗಿಲಿಗೆ ಬಂದು ನಿಂತಳು. ಬಾಗಿಲ ಚೌಕಟ್ಟಿಗೆ ಕೈಕೊಟ್ಟು ಉಸಿರು ಹಿಡಿಯುತ್ತಿದ್ದಳು. ಅವಳ ಉಗುರು ಕುಚ್ಚಲಕ್ಕಿ ಗಂಜಿಯ ತಿಳಿಯಂತೆ ಬಿಳಿಚಿದ್ದುದನ್ನು ನಾನು ಕಂಡೆ. ಕೆಳರೆಪ್ಪೆಯ ಒಳಗೆ ಕೆಂಪಿನ ಗೆರೆಯೇ ಇರಲಿಲ್ಲ. ಇಂಥದ್ದು ನನ್ನ ಕಣ್ಣಿಗೆ ಬೀಳದೆ ಹೋಗುವುದಿಲ್ಲ. ಬಿದ್ದಿತು.

"ಬಾಯಮ್ಮ, ನೀವಾದ್ರೂ ಡಾಕ್ಟ್ರಿಗೆ ಒಂದು ಮಾತು ಹೇಳಿ. ಹಲಗೆ ಹತ್ತುವಾಗ ಎದೆ ಡಬಡಬ ಆಗ್ತದೆ. ಕಣ್ಣಿಗೆ ಕತ್ತಲೆ ಬರ್ತದೆ. ಇನ್ನು ಎರಡು ತಿಂಗಳು ಕೂತುಕೊಳ್ಳುವ ಕೆಲಸ ಕೊಟ್ರೆ ಸಾಕು."

ನಾನು ಕೈಯಲ್ಲಿದ್ದ ಕೊಳವೆಯನ್ನು ತೊಳೆಯುತ್ತಾ, ಮೆಲ್ಲಗೆ, ನಗುತ್ತಲೇ ಹೇಳಿದೆ: "ಗ್ಲಾಸಿನಲ್ಲಿ ಕಂಡದ್ದು ಸುಳ್ಳಾಗುದಿಲ್ಲ. ಕೂತು ಅಭ್ಯಾಸ ಆದವರಿಗೆ ಏಳ್ಲಿಕ್ಕೆ ಸ್ವಲ್ಪ ಕಷ್ಟವೇ."

ಅವಳು ಸೆರಗು ಸರಿಮಾಡಿ ಹೋದಳು. ಜೋರಾಗಿ ಬೈದಿದ್ದರೆ ಅವಳೂ ಎರಡು ಮಾತು ಬೈಯುತ್ತಿದ್ದಳು. ಕಾನ್ವೆಂಟಿನಲ್ಲಿ ಕಲಿತ ಮೆದು ದನಿಗೆ ಎದುರಾಡುವುದು ಹೇಗೆಂದು ಯಾರಿಗೂ ಗೊತ್ತಾಗುವುದಿಲ್ಲ.

ಎರಡು ವಾರದ ಮೇಲೆ ತಿಳಿಯಿತು. ಇಗರ್ಜಿಯ ಪೂಜಾಪೀಠಕ್ಕೆ ಹಾಸುವ ಒಂದು ಬಟ್ಟೆಗೆ ಸಂತರೊಬ್ಬರ ಕಂದು ನಿಲುವಂಗಿಯನ್ನು ನಾನು ಕಸೂತಿ ಹಾಕುತ್ತಿದ್ದೆ. ಆ ಕಂದನ್ನು ಬೇಸಗೆಯಲ್ಲಿ ಆರಿಸುವಾಗ, ತಮಾಷೆಗೆ, ಪೆಟ್ಟಿಗೆಯ ಕೊಳವೆಗೆ ಸರಿಯಾಗಿ ಹೊಂದುವ ನೂಲನ್ನೇ ತೆಗೆದಿದ್ದೆ. ಉಳಿದ ಲಡಿ ಕಪ್ಪು ಕಾಗದದಲ್ಲಿತ್ತು. ಅದನ್ನು ಬಿಡಿಸಿ ಕಿಟಕಿಯ ಬಳಿ ಕೂತಾಗ ಪಕ್ಕದಲ್ಲೇ ಪೆಟ್ಟಿಗೆ. ನೂಲು ಗಟ್ಟಿ ಬೆಲ್ಲದ ಬಣ್ಣ, ಕೊಳವೆಯ ದ್ರವ ಮೂರನೆಯ ಸಲ ಕುದಿಸಿದ ಚಾ. ನೂಲನ್ನು ಗಾಜಿಗೆ ತಾಗಿಸಿ ಹಿಡಿದೆ. ಇನ್ನೊಂದು ಕೊಳವೆಗೂ ಹಿಡಿದೆ. ಮತ್ತೆ ಸೂಜಿ ತಂದು ನನ್ನ ಬೆರಳನ್ನೇ ಚುಚ್ಚಿಕೊಂಡೆ. ಈಸ್ಟರಿಗೆ ಮೊದಲಿನ ತಪಸ್ಸುಕಾಲದಲ್ಲಿ ಇವರು ನೋಡಿಸಿದಾಗ ನನ್ನದು ಎಪ್ಪತ್ತನಾಲ್ಕು ಇತ್ತು. ಈಗ ನೀರು ಹಾಕುತ್ತಾ ಹಾಕುತ್ತಾ ನೂರರ ಗೆರೆ ದಾಟಿತು.

ಪೆಟ್ಟಿಗೆ ಮುಚ್ಚಿ ಬೀರುವಿನೊಳಗೆ ಬಟ್ಟೆಗಳ ಅಡಿಯಲ್ಲಿಟ್ಟೆ. ಇವರಿಗೆ ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೇಳಿದರೆ ಕಾರ್ಖಾನೆಗೆ ಗೊತ್ತಾಗುತ್ತದೆ, ನೋಡುವವಳು ಹೆಂಡತಿ ಎಂದು ತಿಳಿಯುತ್ತದೆ, ಇವರ ಕೊರತೆ ಬಯಲಾಗುತ್ತದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಗಂಡನ ಮರ್ಯಾದೆ ಕಾಯುತ್ತಿದ್ದೇನೆ ಎಂಬ ಆ ಮಾತು ಕೇಳಲು ಚಂದವಿತ್ತು. ನಿಜ ಬೇರೆ. ನನ್ನ ಕಣ್ಣಿನ ಮೇಲೆ ಇವರಿಗಿದ್ದ ನಂಬಿಕೆಯನ್ನು ಕಳೆದುಕೊಳ್ಳಲು ನನಗೆ ಇಷ್ಟವಿರಲಿಲ್ಲ. ಆ ದಿನಗಳಲ್ಲಿ ಇವರು ಕೊಳವೆ ತಂದರೆ ಆಸಿಡ್ ಮುಗಿದಿದೆ, ಮೋಡ ಕವಿದಿದೆ ಎಂದು ಏನಾದರೊಂದು ಹೇಳಿ ತಪ್ಪಿಸಿಕೊಂಡೆ.

ಶನಿವಾರ ಪಾಪನಿವೇದನೆಗೆ ಹೋದೆ. ಗಾಜಿನ ಸಾಮಾನನ್ನು ಅರಿಯದೆ ಬಿಸಿಲಿಗಿಟ್ಟು ಹಾಳು ಮಾಡಿದೆ ಎಂದೆ. ಜಾಲರಿಯ ಆಚೆ ಪಾದ್ರಿಗಳು ಮನಸ್ಸಿಲ್ಲದೆ ಆದದ್ದು ಪಾಪವಲ್ಲ ಮಗಳೇ ಎಂದರು. ಅದನ್ನು ಮುಚ್ಚಿಟ್ಟಿದ್ದೇನೆ ಎಂಬುದನ್ನು ನಾನು ಅವರಿಗೂ ಹೇಳಲಿಲ್ಲ. ಮಂಡಿಯೂರಿ ಪ್ರಾರ್ಥನೆ ಮುಗಿಸಿ, ಹಗುರಾದವಳಂತೆ ಹೊರಗೆ ಬಂದೆ.

ಬಣ್ಣ ಮಾಸಿದ್ದು ಗೊತ್ತಾದ ಹನ್ನೊಂದನೆಯ ದಿನ ಮಧ್ಯಾಹ್ನ ಕಾರ್ಖಾನೆಯಿಂದ ಕಾಗದ ಬಂತು. ಇವರು ಊಟಕ್ಕೆ ಕೂತೇ ಓದಿದರು. ದೇರೆಬೈಲಿನವಳು ಏರುಹಲಗೆಯ ಮೇಲಿಂದ ಹೊರೆ ಸಮೇತ ಬಿದ್ದಿದ್ದಾಳೆ. ಮೊಣಕಾಲು ಒಡೆದಿದೆ. ಒಂದು ಅಟ್ಟಿ ಹಂಚು ಪುಡಿಯಾಗಿದೆ. ತಲೆ ತಿರುಗಿತು ಎನ್ನುತ್ತಾಳೆ. ರಕ್ತ ಸರಿಯಿದೆ ಎಂದು ತಾವೇ ಬರೆದುಕೊಟ್ಟಿರುವುದರಿಂದ ಇದು ಸೋಗು ಎಂದು ತಿಳಿದು ಅವಳನ್ನು ಕೆಲಸದಿಂದ ತೆಗೆದಿದ್ದೇವೆ.

"ಪಾಪ" ಎಂದರು ಇವರು. "ಇಲ್ಲದ ಕಾಯಿಲೆ ಹೇಳಿಕೊಂಡು ಕೆಲಸ ಕಳೆದುಕೊಂಡಳು."

ನನ್ನ ಕೈಯಲ್ಲಿ ಸಾರಿನ ಸೌಟು ಇತ್ತು. ಅದನ್ನು ಪಾತ್ರೆಗೆ ಹಾಕಿ ನಿಂತಲ್ಲೇ ಹೇಳಿದೆ. ಬಿಸಿಲಿಗಿಟ್ಟದ್ದು, ನೂಲು, ನನ್ನ ಬೆರಳು, ನೂರು ದಾಟಿದ್ದು.

ಇವರು ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಎಷ್ಟು ದಿವಸ ಆಯ್ತು ಗೊತ್ತಾಗಿ?"

"ಹನ್ನೊಂದು."

ಅನ್ನ ಅರ್ಧಕ್ಕೇ ಬಿಟ್ಟು ಎದ್ದು ಕೈ ತೊಳೆದರು. ತೊಳೆದ ಕೈಯನ್ನು ಒರೆಸಿಕೊಳ್ಳದೆ ಸ್ವಲ್ಪ ಹೊತ್ತು ಬಚ್ಚಲ ಬಳಿ ನಿಂತರು. ಆಮೇಲೆ ಹೇಳಿದರು: "ನಾನು ಬಣ್ಣ ಕಾಣದವ. ನೀನು ಕಂಡವಳು."

ಅದಕ್ಕಿಂತ ಹೆಚ್ಚು ಒಂದು ಮಾತೂ ಇವರು ಆ ವಿಷಯಕ್ಕೆ ಮುಂದೆ ಯಾವತ್ತೂ ಹೇಳಲಿಲ್ಲ. ಅಂದು ಸಂಜೆಯೇ ಹೊಸ ಕೊಳವೆಗಳಿಗೆ ಮದರಾಸಿಗೆ ತಂತಿ ಕೊಟ್ಟರು. ಆ ತಿಂಗಳು ನೋಡಿದ ಹೆಂಗಸರ ಪಟ್ಟಿ ಮಾಡಿದರು, ಹತ್ತೊಂಬತ್ತು ಮಂದಿ. ಮ್ಯಾನೇಜರರಿಗೆ ಕಾಗದ ಬರೆದು ಮಡಚದೆ ಮೇಜಿನ ಮೇಲಿಟ್ಟರು. ನಾನು ಓದಲಿ ಎಂದೇ ಇಟ್ಟಿರಬೇಕು. ತಮಗೆ ಕೆಂಪು ಹಸಿರಿನ ಭೇದ ಕಾಣದು, ಪರೀಕ್ಷೆಯನ್ನು ಬೇರೆಯವರ ಕಣ್ಣಿನಿಂದ ಮಾಡಿಸುತ್ತಿದ್ದರು, ಅಳತೆಯ ಬಣ್ಣ ಮಾಸಿದ್ದನ್ನು ಗಮನಿಸದ ತಪ್ಪು ತಮ್ಮದೇ ಎಂದು ಅದರಲ್ಲಿತ್ತು. ನನ್ನ ಹೆಸರಿರಲಿಲ್ಲ. ನಾನು ಕಾಯುತ್ತಿದ್ದೇನೆ ಎಂದುಕೊಂಡಿದ್ದ ಗುಟ್ಟನ್ನು ಇವರು ನಾಲ್ಕು ಸಾಲಿನಲ್ಲಿ ಬಿಟ್ಟುಕೊಟ್ಟಿದ್ದರು.

ಮರುದಿನ ಬೆಳಿಗ್ಗೆ ನಾನು ದೇರೆಬೈಲಿಗೆ ನಡೆದುಕೊಂಡು ಹೋದೆ. ಮುಳಿಹುಲ್ಲಿನ ಮನೆ, ಸಣ್ಣ ಅಂಗಳ, ಅಂಗಳಕ್ಕೆ ಹೊಸ ಸೆಗಣಿ. ಅವಳು ಕಟ್ಟು ಹಾಕಿದ ಕಾಲನ್ನು ಚಾಚಿ ಕೂತು ತೆಂಗಿನ ಮಡಲು ಹೆಣೆಯುತ್ತಿದ್ದಳು. ನನ್ನನ್ನು ಕಂಡು ಏಳಲು ಹೋದಳು. ಬೇಡ ಎಂದೆ. ಅವಳ ಅತ್ತೆ ಒಳಗಿನಿಂದ ಬೆಲ್ಲ, ನೀರು ತಂದಿಟ್ಟು ಹೋದಳು. ಬಂದವರಿಗೆ ಕೊಡುವಂತೆಯೇ ಕೊಟ್ಟಳು. ಬೆಲ್ಲದ ತುಂಡನ್ನು ಬಾಯಿಗೆ ಹಾಕಿಕೊಳ್ಳಲೂ ಆಗದೆ ಕೆಳಗಿಡಲೂ ಆಗದೆ ಹಿಡಿದುಕೊಂಡೆ.

"ಡಾಕ್ಟ್ರು ಕಳಿಸಿದ್ದಾ ಬಾಯಮ್ಮ?" ಎಂದಳು.

"ಇಲ್ಲ. ನಾನೇ ಬಂದದ್ದು. ನಿನ್ನ ರಕ್ತ ನೋಡಿದ್ದು ಡಾಕ್ಟ್ರಲ್ಲ, ನಾನು. ನೋಡುವ ಸಾಮಾನನ್ನು ಬಿಸಿಲಿಗೆ ಇಟ್ಟು ಹಾಳು ಮಾಡಿದ್ದೂ ನಾನೇ. ಅದಕ್ಕೆ ಲೆಕ್ಕ ಹೆಚ್ಚು ಬಂದದ್ದು. ಗೊತ್ತಾದ ಮೇಲೆ ಸಹ ಹನ್ನೊಂದು ದಿವಸ ಬಾಯಿ ಮುಚ್ಚಿ ಕೂತೆ."

ಅವಳ ಕೈ ನಿಲ್ಲಲಿಲ್ಲ. ಎರಡು ಗರಿ ಹೆಣೆದಳು. ಮೂರನೆಯದನ್ನು ಹಿಡಿದು ಕೇಳಿದಳು:

"ಹಾಗಾದ್ರೆ ನಂಗೆ ಉಸಿರು ಕಟ್ಟುದು ನಿಜವಾ?"

"ನಿಜ."

"ನಾನು ಅದು ನನ್ನ ಉದಾಸೀನ ಅಂತ ಮಾಡಿದ್ದೆ. ಗ್ಲಾಸಿನಲ್ಲಿ ಕಂಡದ್ದು ಸುಳ್ಳಾಗುದಿಲ್ಲ ಅಂತ ನೀವು ಹೇಳಿದ್ರಲ್ಲ. ಹಲಗೆ ಹತ್ತುವಾಗ ನಂಗೆ ನಾನೇ ಬೈಕೊಳ್ತಿದ್ದೆ, ನಡಿ ಮೈಗಳ್ಳಿ, ನಡಿ ಅಂತ."

ಅವಳು ಒಳಗೆ ತಿರುಗಿ ಅತ್ತೆಯನ್ನು ಕರೆದಳು. ಅತ್ತೆ ಒದ್ದೆ ಕೈ ಒರೆಸುತ್ತಾ ಬಂದು ನಿಂತಳು. ಬೇಲಿಯ ಆಚೆಯ ಮನೆಯ ಹೆಂಗಸೂ ಕತ್ತು ಚಾಚಿದಳು.

"ಇನ್ನೊಮ್ಮೆ ಹೇಳಿ ಬಾಯಮ್ಮ" ಎಂದಳು. "ಇವರಿಗೆ ಕೇಳ್ಬೇಕು. ಒಂದು ತಿಂಗಳಿಂದ ಈ ಮನೆಯಲ್ಲಿ ನಂಗೆ ಸೋಗಿನವಳು ಅಂತ ಹೆಸರು."

ಇನ್ನೊಮ್ಮೆ ಹೇಳಿದೆ. ದನಿ ಸಣ್ಣದಾದಾಗ ಬೇಲಿಯಾಚೆಯವಳು ಎಂತ ಎಂತ ಎಂದು ಕೇಳಿದಳು. ಮೂರನೆಯ ಸಲ ಹೇಳಬೇಕಾಯಿತು. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಾಗಾದರೆ ಡಾಕ್ಟ್ರು ಎಂತ ಮಾಡುದು ಎಂದು ಕೇಳಿದಳು. ಅವರು ಚುಚ್ಚುವುದು, ನಾನು ನೋಡುವುದು ಎಂದೆ. ನಮ್ಮಲ್ಲಿ ಸಹ ಹಾಗೆಯೇ, ಗಂಡಸರು ಚುಚ್ಚುದು ಮಾತ್ರ ಎಂದಳು ಮುದುಕಿ. ಬೇಲಿಯಾಚೆಯವಳು ನಕ್ಕಳು. ಸೊಸೆಯೂ ನಕ್ಕಳು. ನಕ್ಕದ್ದಕ್ಕೆ ಅವಳಿಗೆ ಏದುಸಿರು ಬಂತು. ಮೂವರೂ ಅದನ್ನು ನೋಡಿದೆವು. ಮುದುಕಿ ಒಳಗೆ ಹೋಗಿ, ಸೊಸೆಗೆ ಒರಗಿಕೊಳ್ಳಲು ಒಂದು ಗೋಣಿ ಮಡಚಿ ತಂದು ಬೆನ್ನಿಗೆ ಕೊಟ್ಟಳು.

ಕಾರ್ಖಾನೆಯವರು ಅಷ್ಟಕ್ಕೇ ಒಪ್ಪಲಿಲ್ಲ. ಮೊದಲು ರಕ್ತ ಇದೆ ಎಂದಿರಿ, ಈಗ ಇಲ್ಲ ಎನ್ನುತ್ತೀರಿ, ಸರಿಯಾದ ಅಳತೆಯಲ್ಲಿ ಐವತ್ತಕ್ಕಿಂತ ಕೆಳಗೆ ಬಂದರೆ ಮಾತ್ರ ಕೂತು ಮಾಡುವ ಕೆಲಸಕ್ಕೆ ತೆಗೆದುಕೊಳ್ಳುತ್ತೇವೆ, ಅಲ್ಲಿಗೆ ಈ ಏರ್ಪಾಡು ಮುಗಿಯಿತು, ಮುಂದೆ ಬೇರೆ ಡಾಕ್ಟರನ್ನು ನೋಡುತ್ತೇವೆ ಎಂದು ಉತ್ತರ ಬಂತು. ಇವರು ಅದನ್ನು ಓದಿ ಸರಿ ಎಂದರು.

ಮದರಾಸಿನಿಂದ ಕೊಳವೆ ಬರಲು ಮೂರು ವಾರ ಹಿಡಿಯಿತು. ಆ ಮೂರು ವಾರ ನಾನು ದೇವಮಾತೆಯ ಮುಂದೆ ದಿನಾ ಮಂಡಿಯೂರಿದೆ. ಏನು ಬೇಡಿಕೊಂಡೆ ಎಂದು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಅವಳ ರಕ್ತ ಕಡಿಮೆಯೇ ಬರಲಿ ಎಂದು ಬೇಡಿಕೊಂಡೆ. ಇವರು ಕೊಟ್ಟ ಕಬ್ಬಿಣದ ಮದ್ದನ್ನು ಅವಳು ಮನೆಯಲ್ಲಿ ಕುಡಿಯುತ್ತಿದ್ದಳು. ಅದು ಇಷ್ಟು ಬೇಗ ಹತ್ತದಿರಲಿ ಎಂದು ಸಹ. ಅವಳ ಕೆಲಸಕ್ಕಾಗಿ ಎಂದು ದೇವಮಾತೆಗೆ ಹೇಳಿದೆ. ಅರ್ಧ ಅದಕ್ಕಾಗಿ. ಉಳಿದರ್ಧ, ಆ ಅಂಗಳದಲ್ಲಿ ಮೂರು ಸಲ ಹೇಳಿದ ನನ್ನ ಮಾತು ನಿಜವಾಗಬೇಕಿತ್ತು.

ಕಪ್ಪು ಕಾಗದದಲ್ಲಿ ಸುತ್ತಿ ಬಂದ ಹೊಸ ಕೊಳವೆಗಳನ್ನು ಚೌಕಟ್ಟಿಗೆ ಸಿಕ್ಕಿಸಿದ ದಿನ, ಪಟ್ಟಿಯ ಹತ್ತೊಂಬತ್ತು ಮಂದಿಯಲ್ಲಿ ಮೊದಲು ಅವಳನ್ನು ಕರೆಸಿದೆವು. ಕುಂಟುತ್ತಾ ಬಂದಳು. ಇವರು ಬೆರಳು ಚುಚ್ಚಿ ಕೊಳವೆಯನ್ನು ನನ್ನ ಕೈಗೆ ಕೊಟ್ಟಾಗ ಅವಳು ಎದುರು ಕೋಣೆಯಲ್ಲಿ ಕೂರಲಿಲ್ಲ, ನನ್ನ ಹಿಂದೆಯೇ ಬಂದಳು.

"ಈ ಸಲ ನಾನೂ ನೋಡ್ತೇನೆ" ಎಂದಳು.

ಹತ್ತು ನಿಮಿಷ ಇಬ್ಬರೂ ಕಿಟಕಿಯ ಬಳಿ ನಿಂತೆವು. ಮಣಿ ಎಣಿಸಲು ನನಗೆ ಬಾಯಿ ಬರಲಿಲ್ಲ. ಆಮೇಲೆ ನಾನು ಹನಿ ಬಿಡುತ್ತಾ ಹೋದೆ. ಅವಳು ನನ್ನ ಭುಜದ ಹತ್ತಿರ ಮುಖ ತಂದು ನೋಡುತ್ತಿದ್ದಳು. ಅವಳ ಉಸಿರು ನನ್ನ ಕಿವಿಗೆ ತಾಗುತ್ತಿತ್ತು. ಇನ್ನೂ ನಡುವಿನದು ಕಪ್ಪು ಎಂದಳು. ಇನ್ನೊಂದು ಹನಿ. ಇನ್ನೊಂದು. ಈಗ ಮೂರೂ ಒಂದೇ ಎಂದಳು. ಹೌದು, ಒಂದೇ. ನನಗಿಂತ ಒಂದು ಕ್ಷಣ ಮೊದಲೇ ಅವಳು ಕಂಡಿದ್ದಳು. ಗೆರೆ ನೋಡಿದೆ. ಮೂವತ್ತೆಂಟು.

ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇನ್ನೊಬ್ಬ ಹೆಂಗಸಿನ ಮೈಯಲ್ಲಿ ರಕ್ತವಿಲ್ಲ ಎಂದು ಕಂಡು ನನಗೆ ಹಾಯೆನಿಸಿತು. ಅದು ಮುಖದಲ್ಲಿ ಕಾಣದಿರಲಿ ಎಂದು ತಲೆ ತಗ್ಗಿಸಿ ಅಂಕೆ ಬರೆದೆ.

ಅವಳು ಕೊಳವೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದಳು. "ಇಷ್ಟೇ ಇದ್ದದ್ದಾ?" ಎಂದಳು. "ಇಷ್ಟರಲ್ಲಿ ನಾನು ಅಷ್ಟು ಹಂಚು ಹೊತ್ತೆನಾ?"

ಆ ದನಿಯಲ್ಲಿ ಸ್ವಲ್ಪ ಹೆಮ್ಮೆಯಿತ್ತು. ಚೀಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಕಾರ್ಖಾನೆ ಮುಚ್ಚುವ ಮೊದಲೇ ತೋರಿಸಿ ಬರುತ್ತೇನೆ ಎಂದು ಇಳಿಜಾರಿನಲ್ಲಿ ಕುಂಟುತ್ತಾ ಇಳಿದು ಹೋದಳು. ನಾನು ಕೊಳವೆ ತೊಳೆಯಲು ನಿಂತೆ. ಇವರು ಬಾಗಿಲಿಗೆ ಬಂದು ಎಷ್ಟು ಬಂತು ಎಂದು ಕೇಳಿದರು. ಅಂಕೆಯನ್ನು ಹೇಳುವಾಗ ನಾನು ತಿರುಗಿ ಇವರ ಮುಖ ನೋಡಲಿಲ್ಲ.